ಉಣ್ಣೆ ಕಚ್ಚಿದ್ದನ್ನ ಡಾಕ್ಟರ್ ಹತ್ರ ಹೇಳಿ

ಕೇಳುಗರಿಗೆಲ್ಲ ನಮಸ್ಕಾರ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಫಿ ಗಿಡದ ಕೊಂಬೆಗೆ ರೇಡಿಯೋ ನೇತಾಕ್ಕೊಂಡು ಕೆಲಸ ಮಾಡ್ತಾ ಕೇಳ್ತಿದ್ದೀರಲ್ಲ, ನಿಮಗೇ ಈ ಮಾತು.

ಉಣ್ಣೆ ನಿಮಗೆ ಗೊತ್ತು, ಕೆಲವರು ಉಣುಗು ಅಂತೀರಿ, ನಾಯಿ ಕಿವಿ ಒಳಗೆ ರಕ್ತ ಕುಡಿದು ಕಾಳಿನ ಹಂಗೆ ಊದ್ಕೊಂಡು ಕೂತಿರತ್ತಲ್ಲ, ಅದು. ಉಣ್ಣೆ ಜ್ವರ ಅಂದ ತಕ್ಷಣ ನಮ್ಮೋರಿಗೆ ಮಂಗನ ಕಾಯಿಲೆ ನೆನಪಾಗತ್ತೆ. ಅದು ವೈರಸ್ಸಿಂದ ಬರೋದು. ನಾನು ಇವತ್ತು ಹೇಳ್ತಿರೋದು ರಿಕೆಟ್ಸಿಯಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ಚುಕ್ಕೆ ಜ್ವರದ ವಿಷಯ. ಇದಕ್ಕೆ ಡಾಕ್ಸಿಸೈಕ್ಲಿನ್ ಅಂತ ಒಳ್ಳೇ ಔಷಧಿ ಇದೆ, ದುಬಾರಿಯೂ ಅಲ್ಲ, ಶುರುವಲ್ಲೇ ಕೊಟ್ರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯತ್ತೆ. ಆದ್ರೆ ಕೊಡೋ ಡಾಕ್ಟರ್‌ಗೆ ಅನುಮಾನ ಬರಬೇಕಲ್ಲ! ಅದಕ್ಕೇ ಕೇಳ್ಕೊಳ್ತೀನಿ, ಜ್ವರ ಅಂತ ಹೋದಾಗ ಉಣ್ಣೆ ಕಚ್ಚಿತ್ತು, ಮನೇಲಿ ನಾಯಿ ಇದೆ, ತೋಟಕ್ಕೆ ಹೋಗಿದ್ದೆ, ಇಷ್ಟನ್ನ ಬಾಯ್ಬಿಟ್ಟು ಹೇಳಿ.

ಇದರ ಸಂಶೋಧನೆ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ, ನನಗೆ ತುಂಬಾ ಇಷ್ಟವಾದ ಕತೆ ಒಂದಿದೆ, ಅದನ್ನೇ ಹೇಳ್ಬಿಡ್ತೀನಿ. ಅಮೆರಿಕಾದ ಮೊಂಟಾನಾದಲ್ಲಿ ಬಿಟರ್‌ರೂಟ್ ಅಂತ ಒಂದು ಕಣಿವೆ, ನಡುವೆ ಹೊಳೆ. ಹೊಳೆಯ ಪಶ್ಚಿಮದ ದಡದಲ್ಲಿ ಚುಕ್ಕೆ ಜ್ವರ ಬಂದೋರಲ್ಲಿ ಬಹಳ ಜನ ಉಳೀತಾನೇ ಇರ್ಲಿಲ್ಲ, ಪೂರ್ವದ ದಡದಲ್ಲಿ ಕಾಯಿಲೆಯ ಸುದ್ದಿನೇ ಇಲ್ಲ. ಹೇಮಾವತಿಯ ಈ ದಡದೋರು ಸಾಯ್ತಾರೆ ಆ ದಡದೋರು ಆರಾಮಾಗಿದ್ದಾರೆ ಅಂದ್ರೆ ನಮಗೆ ಹೆಂಗಾಗತ್ತೆ ಯೋಚನೆ ಮಾಡಿ. ಹಿಮ ಕರಗಿದ ನೀರು ಕುಡಿದು ಹಿಂಗಾಗತ್ತೆ ಅಂತ ಜನ ನಂಬಿದ್ರು. 1906ರಲ್ಲಿ ಶಿಕಾಗೋದಿಂದ ಹೋವರ್ಡ್ ರಿಕೆಟ್ಸ್ ಅಂತ ಡಾಕ್ಟರ್ ಅಲ್ಲಿಗೆ ಬಂದ್ರು. ಗಿನಿಪಿಗ್ ಅಂದ್ರೆ ಇಲಿ ಜಾತಿಯ ಒಂದು ಪುಟ್ಟ ಪ್ರಾಣಿ, ಕಾಯಿಲೆ ಬಿದ್ದ ಗಿನಿಪಿಗ್ ಮೇಲೆ ಒಂದು ಉಣ್ಣೆ ಬಿಟ್ರು, ಅದು ರಕ್ತ ಕುಡೀತು, ಅದೇ ಉಣ್ಣೇನ ತೆಗೆದು ಚೆನ್ನಾಗಿದ್ದ ಗಿನಿಪಿಗ್ ಮೇಲೆ ಬಿಟ್ರು, ಅದಕ್ಕೂ ಕಾಯಿಲೆ ಬಂತು, ಅಲ್ಲಿಗೆ ಕಳ್ಳ ಸಿಕ್ಕಿದ. ಎಷ್ಟು ಸರಳ ನೋಡಿ, ನನಗಂತೂ ಈಗ್ಲೂ ಹೇಳುವಾಗ ಮೈ ಜುಂ ಅನ್ನತ್ತೆ. ಆ ಪುಣ್ಯಾತ್ಮ 1910ರಲ್ಲಿ ಮೆಕ್ಸಿಕೋದಲ್ಲಿ ಇದರದ್ದೇ ದಾಯಾದಿಯಾದ ಟೈಫಸ್ ಜ್ವರವನ್ನ ಅಭ್ಯಾಸ ಮಾಡ್ತಾ ಮಾಡ್ತಾ ಅದೇ ಜ್ವರ ತಗುಲಿ ತೀರ್ಕೊಂಡ್ರು, 39 ವರ್ಷ. ರಿಕೆಟ್ಸಿಯಾ ಅನ್ನೋ ಹೆಸರು ಅವರದ್ದೇ.

ಆದ್ರೆ ಆ ದಡ ಈ ದಡದ ಗುಟ್ಟು ಮಾತ್ರ ಆಗ ಬಿಡಿಸ್ಲಿಲ್ಲ, ಯಾಕಂದ್ರೆ ಉಣ್ಣೆ ಎರಡೂ ಕಡೆ ಇತ್ತು. ಅದು ಗೊತ್ತಾಗಿದ್ದು 1980ರ ಹೊತ್ತಿಗೆ, ವಿಲ್ಲಿ ಬರ್ಗ್‌ಡಾರ್ಫರ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಯೋರಿಂದ. ಪೂರ್ವದ ದಡದ ಉಣ್ಣೆಗಳಲ್ಲಿ ಯಾರಿಗೂ ತೊಂದ್ರೆ ಕೊಡದ ಇನ್ನೊಂದು ರಿಕೆಟ್ಸಿಯಾ ಮೊದ್ಲೇ ಸೇರ್ಕೊಂಡಿತ್ತು. ಈ ಬ್ಯಾಕ್ಟೀರಿಯಾ ತಾಯಿ ಉಣ್ಣೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಹೋಗತ್ತೆ. ಸಾಧು ಬ್ಯಾಕ್ಟೀರಿಯಾ ಅಂಡಾಶಯದಲ್ಲಿ ಮೊದ್ಲೇ ಟವಲ್ ಹಾಕಿ ಸೀಟು ಹಿಡಿದಿದ್ರೆ, ಆಮೇಲೆ ಹತ್ತಿದ ಕೇಡಿಗೆ ಕೂರಕ್ಕೆ ಜಾಗ ಇಲ್ಲ, ಮರಿಗಳಿಗೆ ಅದು ದಾಟಲ್ಲ.

ಸಮಯ ಓಡ್ತಿದೆ. ನಮ್ಮ ದೇಶದ್ದು ರಿಕೆಟ್ಸಿಯಾ ಕೊನೊರಿ, ನಾಯಿ ಮೈಮೇಲಿನ ಕಂದು ಉಣ್ಣೆಯಿಂದ ಬರೋದು. ಇದು ಸಣ್ಣ ರಕ್ತನಾಳದ ಒಳಗೋಡೆಗೇ ನುಗ್ಗತ್ತೆ, ನಾಳ ಸೋರತ್ತೆ, ಅದೇ ಮೈಮೇಲಿನ ಕೆಂಪು ಚುಕ್ಕೆ, ಅಂಗೈ ಅಂಗಾಲಲ್ಲೂ ಏಳತ್ತೆ. ನೀವು ಅಮ್ಮ ಆಗಿದೆ ಅಂತ ಬೇವಿನ ಸೊಪ್ಪು ಹಾಸಿ ಮಲಗಿಸ್ಬಿಟ್ರೆ ನಾವೇನು ಮಾಡೋಣ ಹೇಳಿ? ಒಬ್ಬ ತಾಯಿ ಮಗೂನ ಆರನೇ ದಿನಕ್ಕೆ ಕರ್ಕೊಂಡು ಬಂದ್ರು, ಮೂರು ಸಲ ಕೇಳಿದ್ಮೇಲೆ "ಹೂಂ ಸಾರ್, ನಾಯಿಮರಿ ತಬ್ಕೊಂಡೇ ಮಲಗ್ತಾನೆ, ಅದನ್ಯಾಕೆ ಕೇಳ್ತೀರಿ" ಅಂದ್ರು. ಅದನ್ನೇ ಅಮ್ಮಾ ನಾನು ಕೇಳ್ತಿರೋದು! ಮಗು ಹುಷಾರಾಯ್ತು, ಆದ್ರೆ ಆ ಐದು ದಿನ ನನಗೆ ಇನ್ನೂ ಹೊಟ್ಟೆ ಉರಿಯತ್ತೆ.

ರಕ್ತ ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು, ಯಾಕಂದ್ರೆ ಅದ್ರಲ್ಲಿ ಹುಡುಕೋದು ಪ್ರತಿಕಾಯನ, ಅಂದ್ರೆ ರೋಗದ ವಿರುದ್ಧ ಹೋರಾಡಕ್ಕೆ ಮೈ ತಯಾರಿಸೋ ವಸ್ತುನ, ಅದು ತಯಾರಾಗೋದೇ ನಿಧಾನ, ಡಾಕ್ಟರ್ ಅನುಮಾನದ ಮೇಲೆ ಮಾತ್ರೆ ಶುರು ಮಾಡಿದ್ರೆ ತಕರಾರು ಮಾಡ್ಬೇಡಿ. ಮಕ್ಕಳಿಗೂ ಕೊಡ್ತೀವಿ.

ಮೈಗೆ ಉಣ್ಣೆ ಕಚ್ಕೊಂಡಿದ್ರೆ ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರ ಮೇಲಕ್ಕೆ ಎಳೀರಿ, ಸೋಪಲ್ಲಿ ತೊಳೀರಿ, ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಆ ತಾರೀಖಿಗೆ ಪೆನ್ನಲ್ಲಿ ಒಂದು ಸುತ್ತು ಹಾಕಿ. ಎರಡು ವಾರದೊಳಗೆ ಜ್ವರ ಬಂತು ಅಂದ್ರೆ ಆಸ್ಪತ್ರೆಗೆ ಹೋಗಿ ಆ ತಾರೀಖು ಹೇಳಿ. ನಮಸ್ಕಾರ.