ಹೆಸರು ಆಮೇಲೆ, ಮೊದಲು ಎಣಿಸಿ

ಎಲ್ಲರಿಗೂ ನಮಸ್ಕಾರ. ಈಗ ನಿಮ್ಮ ಕೈಯಿಂದ ಕೈಗೆ ಹೋಗುತ್ತಿರುವ ಈ ಪುಟ್ಟ ಕಪ್ಪು ಕಲ್ಲು ಅಮೆರಿಕದ ಯೂಟಾ ರಾಜ್ಯದ್ದು. ಅಲ್ಲಿ ವೀಲರ್ ಶೇಲ್ ಎಂಬ ಪದರಗಲ್ಲಿದೆ. ಅದರಲ್ಲಿ ಸಿಕ್ಕ, ಟ್ರೈಲೋಬೈಟ್ ಎಂಬ ಪ್ರಾಣಿಯ ಪಳೆಯುಳಿಕೆ ಇದು. ವಯಸ್ಸು ಸುಮಾರು 50 ಕೋಟಿ ವರ್ಷ. ಸಮುದ್ರದ ತಳದಲ್ಲಿ ಓಡಾಡಿಕೊಂಡಿದ್ದ ಜೀವಿ.

ಇದರ ಹೆಸರೇನು ಅಂತ ಈಗಲೇ ಕೇಳಬೇಡಿ. ಇದುವರೆಗೆ 20,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ಸುಮ್ನೆ ಚಿತ್ರ ನೋಡಿ ಹೋಲಿಸುತ್ತಾ ಕೂತರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಮೊದಲು ಎಣಿಸಿ.

ನಡುವೆ ಉದ್ದಕ್ಕೆ ಒಂದು ಉಬ್ಬಿದ ದಿಂಡು, ಅದರ ಆಚೆ ಈಚೆ ಒಂದೊಂದು ಪಕ್ಕ. ಟ್ರೈಲೋಬೈಟ್ ಎಂಬ ಹೆಸರು ಬಂದಿದ್ದು ಈ ಮೂರು ಪಾಲಿನಿಂದ. ತಲೆ, ನಡು, ಬಾಲ ಎಂಬ ಮೂರರಿಂದ ಬಂತು ಅಂತ ತುಂಬಾ ಜನ ತಿಳಿದಿರುತ್ತಾರೆ, ಅದಲ್ಲ. ಆದರೆ ಗುರುತು ಹಿಡಿಯಲು ಆ ಭಾಗಗಳೂ ಬೇಕು. ತಲೆಗೂ ಬಾಲಕ್ಕೂ ನಡುವೆ ಇರುವ ಅಡ್ಡ ಪಟ್ಟಿಗಳ ಮೇಲೆ ಸೂಜಿಯ ತುದಿ ಇಟ್ಟು ಎಣಿಸಿ. ಬಾಲದ ಮೇಲೂ ಗೆರೆಗಳಿವೆ, ಅವನ್ನು ಸೇರಿಸಬೇಡಿ. ಅಲ್ಲಿನ ಪಟ್ಟಿಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಹೊಸಬರು ಎಡವುವುದು ಜಾಸ್ತಿ ಇಲ್ಲೇ. 13 ಬಂತಾ? ಹಾಗಾದರೆ ಇದು ಬಹುಶಃ ಎಲ್ರಾಥಿಯಾ ಎಂಬ ಬಗೆಯದು.

ಅದೇ ವೀಲರ್ ಶೇಲ್‌ನಲ್ಲಿ ಬೇಳೆಕಾಳಿನಷ್ಟೇ ಇರುವ ಇನ್ನೊಂದು ಸಿಗುತ್ತದೆ. ಕಣ್ಣಿಲ್ಲ. ತಲೆಯೂ ಬಾಲವೂ ಒಂದೇ ಅಳತೆ. ನಡುವೆ ಎರಡೇ ಪಟ್ಟಿ. ಅಗ್ನಾಸ್ಟಿಡ್ ಗುಂಪಿನದು. ಇವು ನಿಜವಾಗಿ ಟ್ರೈಲೋಬೈಟ್‌ಗಳೇ ಅಲ್ಲವೇ ಅಂತ ತಜ್ಞರು ಇನ್ನೂ ವಾದ ಮಾಡುತ್ತಿದ್ದಾರೆ.

ಮತ್ತೆ ನಮ್ಮ ಕಲ್ಲಿಗೆ ಬನ್ನಿ. ತಲೆಯ ಎರಡೂ ಕೆನ್ನೆ ಇಲ್ಲ, ಅಲ್ವಾ? ಮುರಿದಿದೆ ಅಂತ ಬೇಸರ ಪಡಬೇಡಿ. ಏಡಿಯ ಹಾಗೆ ಇವೂ ಬೆಳೆಯುವಾಗ ಚಿಪ್ಪು ಕಳಚುತ್ತಿದ್ದವು. ಕಣ್ಣಿನ ಪಕ್ಕದಲ್ಲಿ ಹಾದುಹೋಗುವ ಹೊಲಿಗೆಯಂಥ ಗೆರೆಯಲ್ಲಿ ಬಿರಿದು ಕೆನ್ನೆಗಳು ಬೇರೆಯಾಗುತ್ತಿದ್ದವು. ನಿಮ್ಮ ಕೈಯಲ್ಲಿರುವುದು ಹಾಗೆ ಬಿಟ್ಟುಹೋದ ಚಿಪ್ಪು ಇರಬಹುದು. ಆ ಗೆರೆ ಎತ್ತ ತಿರುಗುತ್ತದೆ ಎನ್ನುವುದೂ ಗುಂಪು ಹೇಳಲು ನೆರವಾಗುತ್ತದೆ. ನನಗಂತೂ ಇಡೀ ಕಲ್ಲಿನಲ್ಲಿ ಅದೇ ಇಷ್ಟ.

ಸಿಕ್ಕ ಜಾಗವನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಜಾಗ, ಪದರ ಗೊತ್ತಿದ್ದರೆ ಸಾವಿರಾರು ಹೆಸರುಗಳು ಹತ್ತಿಪ್ಪತ್ತಕ್ಕೆ ಇಳಿಯುತ್ತವೆ.

ನಮ್ಮ ಊರಲ್ಲಿ ಸಿಗುತ್ತದೆಯೇ ಅಂತ ಮಕ್ಕಳು ಯಾವಾಗಲೂ ಕೇಳುತ್ತಾರೆ. ಟ್ರೈಲೋಬೈಟ್‌ಗಳು ಬದುಕಿದ್ದು ಸುಮಾರು 52 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ಬೆಳಗಾವಿ ಕಡೆಯ ಕಪ್ಪು ಲಾವಾ ಕಲ್ಲು ಸುಮಾರು ಆರೂವರೆ ಕೋಟಿಯದು. ಒಂದು ತೀರಾ ಹಳೆಯದು, ಇನ್ನೊಂದು ತೀರಾ ಹೊಸದು. ಆದರೆ ಹಿಮಾಚಲದ ಸ್ಪಿಟಿ ಕಣಿವೆಯ ಕಲ್ಲುಗಳಲ್ಲಿ ಚೆನ್ನಾಗಿ ಸಿಗುತ್ತವೆ.

ಈಗ ಎರಡನೇ ಕಲ್ಲು ಕಳಿಸುತ್ತೇನೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಪಟ್ಟಿಗಳು ಎದ್ದು ಕಾಣುತ್ತವೆ. ಎಷ್ಟು ಬಂತು ಹೇಳಿ.