ಕಾವಿ ಚಿತ್ರ, ಮೊಬೈಲ್ ಫೋಟೊ

ಕೇಳುಗರಿಗೆ ನಮಸ್ಕಾರ.

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದ್ದೀರಾ? ಸಾಲು ಸಾಲು ಕಲ್ಲಿನ ಸಮಾಧಿಗಳಿಗೆ ಹೆಸರಾದ ಜಾಗ. ಅಲ್ಲಿನ ಬಂಡೆಗಳ ಮರೆಯಲ್ಲಿ ಕಾವಿ ಬಣ್ಣದ ಹಳೇ ಚಿತ್ರಗಳೂ ಇವೆ. ಮನುಷ್ಯರು, ಪ್ರಾಣಿಗಳು. ಬಹಳಷ್ಟು ಮಾಸಿವೆ. ಕಷ್ಟಪಟ್ಟು ಹತ್ತಿ ಫೋಟೊ ಹೊಡೆದುಕೊಂಡು ಬರ್ತೀವಿ. ಮನೆಗೆ ಬಂದು ನೋಡಿದರೆ ಬರೀ ಬಂಡೆ!

ಆಗ ನಾವು ಮಾಡುವುದೇನು? ಎಡಿಟ್‌ಗೆ ಹೋಗಿ ಕಾಂಟ್ರಾಸ್ಟ್ ಜಾಸ್ತಿ ಮಾಡುವುದು. ನೆರಳು ಇನ್ನೂ ಕಪ್ಪಾಗುತ್ತದೆ, ಬಿಸಿಲು ಬಿದ್ದ ಕಡೆ ಬೆಳ್ಳಗಾಗುತ್ತದೆ. ಚಿತ್ರ ಮಾತ್ರ ಕಾಣುವುದಿಲ್ಲ.

ಯಾಕೆ ಹೀಗೆ? ಫೋಟೊದ ಪ್ರತಿ ಚುಕ್ಕೆಗೂ ಮೂರು ಸಂಖ್ಯೆ ಇರುತ್ತವೆ. ಕೆಂಪು, ಹಸಿರು, ನೀಲಿ. ಒಂದೊಂದೂ ಸಾಮಾನ್ಯವಾಗಿ 0ಯಿಂದ 255ರವರೆಗೆ. ಬಂಡೆಯ ಫೋಟೊದಲ್ಲಿ ಈ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಅಲ್ಲಿ ದೊಡ್ಡ ಬದಲಾವಣೆ ಬೆಳಕಿನದು, ಬಣ್ಣದ್ದಲ್ಲ. ಕಲ್ಲಿಗೂ ಕಾವಿಗೂ ಇರುವ ಸಣ್ಣ ವ್ಯತ್ಯಾಸ ಆ ಏರಿಳಿತದೊಳಗೆ ಮುಚ್ಚಿಹೋಗುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಗೆ ಬಂಡಿಗಳು ಸಾಲಾಗಿ ಹೊರಟಿವೆ ಅನ್ನಿ. ಎದುರಿಗೆ ನಿಂತರೆ ಮುಂದಿನ ಬಂಡಿ ಒಂದೇ ಕಾಣುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಹಿಂದಿನವೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಬಂಡಿ ಅಲ್ಲೇ ಇವೆ, ಸರಿದದ್ದು ನಾವು. ಲೆಕ್ಕದಲ್ಲಿ ಹೀಗೆ ನೋಡುವ ದಿಕ್ಕು ಬದಲಿಸುವುದಕ್ಕೆ ಟ್ರಾನ್ಸ್‌ಫಾರ್ಮ್ ಅನ್ನುತ್ತಾರೆ, ಇಷ್ಟೇ. ಹೊಲದಲ್ಲಿ ಸುಟ್ಟುಹೋಗುವ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅದೇ ಟಿಸಿ, ಅಲ್ಲ ಮತ್ತೆ!

ಕಂಪ್ಯೂಟರ್ ಆ ಮೂರು ಬಣ್ಣದ ಅಳತೆಗೋಲುಗಳನ್ನು ಲೆಕ್ಕಹಾಕಿ ತಿರುಗಿಸುತ್ತದೆ. ತಿರುಗಿಸಿದ ಮೇಲೆ ಮೊದಲ ಕೋಲಿಗೆ ಬೆಳಕಿನ ಏರಿಳಿತವೇ ಬಹುಪಾಲು ಬಂದುಬಿಡುತ್ತದೆ. ಉಳಿದ ಎರಡರಲ್ಲಿ ಬಣ್ಣದ ವ್ಯತ್ಯಾಸ, ಅದೂ ತೀರಾ ಕಿರಿದಾಗಿ. ಆ ಎರಡನ್ನೂ ಎಳೆದು ಮೊದಲನೆಯದರಷ್ಟೇ ಅಗಲ ಮಾಡಬೇಕು. ಆಮೇಲೆ ಕೋಲುಗಳನ್ನು ಹಿಂದಕ್ಕೆ ತಿರುಗಿಸಿದರೆ ಆಯಿತು. ಕಾವಿ ಗೆರೆ ಎದ್ದು ಬರುತ್ತದೆ. ಬಣ್ಣಗಳು ಮಾತ್ರ ವಿಚಿತ್ರ, ಹೋಳಿ ಆಡಿದ ಹಾಗೆ. ನಿಜವಾದ ಬಣ್ಣ ಅಂತ ನಂಬಬೇಡಿ.

ಇದನ್ನು ಡೀಕೋರಿಲೇಶನ್ ಸ್ಟ್ರೆಚ್ ಅನ್ನುತ್ತಾರೆ. ಮೊದಲು ಬಳಕೆಗೆ ಬಂದದ್ದು ಆಕಾಶದಿಂದ ತೆಗೆದ ನೆಲದ ಚಿತ್ರಗಳಿಗೆ. ಬಂಡೆಚಿತ್ರಗಳಿಗೆ ಹೊಂದುವಂತೆ ಡಿಸ್ಟ್ರೆಚ್ ಅನ್ನುವ ತಂತ್ರಾಂಶ ಮಾಡಿದವರು ಅಮೆರಿಕದ ಜಾನ್ ಹಾರ್ಮನ್. ನನಗೆ ಇದು ಇಷ್ಟವಾಗಲು ಇನ್ನೊಂದು ಕಾರಣ ಇದೆ. ಚಿತ್ರ ಎದ್ದು ಕಾಣಲಿ ಅಂತ ಕೆಲವರು ಬಂಡೆಗೆ ನೀರು ಚಿಮುಕಿಸುತ್ತಾರೆ, ಸೀಮೆಸುಣ್ಣದಲ್ಲಿ ಗೆರೆ ತಿದ್ದುತ್ತಾರೆ. ದಯವಿಟ್ಟು ಬೇಡ. ತಿದ್ದುವುದೇನಿದ್ದರೂ ಫೋಟೊದಲ್ಲಿ ಆಗಲಿ.

ಒಂದು ಸಲ ನಾನು ಮೊಬೈಲ್ ಫೋಟೊವನ್ನೇ ಹೀಗೆ ಎಳೆದು ನೋಡಿದೆ. ಬಂಡೆ ತುಂಬ ಸಣ್ಣ ಸಣ್ಣ ಚೌಕಗಳು! ಕೌದಿ ಹೊಲಿದ ಹಾಗೆ ಎಷ್ಟು ಅಚ್ಚುಕಟ್ಟು. ಆ ಕಾಲದ ಕಸೂತಿಯೇ ಇರಬೇಕು ಅಂತ ಅರ್ಧ ದಿನ ಹಿಗ್ಗಿದೆ. ಆಮೇಲೆ ಚೌಕ ಎಣಿಸಿದೆ. ಒಂದೊಂದೂ ಅಡ್ಡಕ್ಕೆ 8 ಚುಕ್ಕೆ, ಉದ್ದಕ್ಕೆ 8 ಚುಕ್ಕೆ. ಮೊಬೈಲ್ ಫೋಟೊ ಉಳಿಸುವ ಜೆಪೆಗ್ ಅನ್ನುವ ವಿಧಾನ, ಫೈಲನ್ನು ಚಿಕ್ಕದು ಮಾಡುವಾಗ ಫೋಟೊವನ್ನು ಹೀಗೇ ತುಂಡು ಮಾಡುತ್ತದೆ, ಬಣ್ಣದ ವಿವರವನ್ನು ಜಾಸ್ತಿ ಬಿಸಾಡುತ್ತದೆ. ಆ ಕಸೂತಿ ಹಾಕಿದ್ದು ನನ್ನ ಮೊಬೈಲೇ! ಈಗ ಗುಡ್ಡ ಹತ್ತುವ ಮೊದಲು ಕ್ಯಾಮೆರಾವನ್ನು ರಾ ಮೋಡ್‌ಗೆ, ಅಂದರೆ ಜೆಪೆಗ್ ಮಾಡದೆ ಫೋಟೊ ಉಳಿಸುವ ಬಗೆಗೆ, ಹಾಕಿಕೊಳ್ಳುತ್ತೇನೆ.

ನಮಸ್ಕಾರ.