ನುಡಿನಮನದ ನಂತರ ಉಳಿಯುವ ಕಾಗದಗಳು

ಕೇಳುಗರಿಗೆ ನಮಸ್ಕಾರ.

ತತ್ತ್ವಕ್ಕೆ ಅಂಟಿಕೊಂಡು ಬದುಕಿದ ರಾಜಕಾರಣಿ ತೀರಿಕೊಂಡಾಗ ನುಡಿನಮನ ಸಭೆಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಅವರಿಗೆ ವಿರೋಧಿಗಳೇ ಇರಲಿಲ್ಲ. ಕೊಡಗಿನ ಎ.ಕೆ. ಸುಬ್ಬಯ್ಯನವರಿಗೆ ಈ ಮಾತನ್ನು ಹೊಂದಿಸಿ ನೋಡಿ. ಭಾರತೀಯ ಜನತಾ ಪಕ್ಷ 1980ರಲ್ಲಿ ಹುಟ್ಟಿದಾಗ ರಾಜ್ಯ ಘಟಕಕ್ಕೆ ಮೊದಲ ಅಧ್ಯಕ್ಷರಾದವರು ಅವರು. ಕೆಲವೇ ವರ್ಷಗಳಲ್ಲಿ ಆ ಪಕ್ಷದಿಂದ ಹೊರಗಾದರು, ಮುಂದೆ ಅದೇ ಪಕ್ಷದ ಕಟು ಟೀಕಾಕಾರರಾದರು. 2019ರ ಆಗಸ್ಟ್ 27ರಂದು ತೀರಿಕೊಂಡರು. ಇಂಥವರಿಗೆ ವಿರೋಧಿಗಳಿರಲಿಲ್ಲ ಎನ್ನುವುದು ಅವರ ಅರ್ಧ ಬದುಕನ್ನು ಅಳಿಸಿದ ಹಾಗೆ. ಯಾರನ್ನು ಎದುರು ಹಾಕಿಕೊಂಡರು, ಅದರಿಂದ ಏನು ಕಳೆದುಕೊಂಡರು ಎಂಬುದು ಗೊತ್ತಾಗದೆ ತತ್ತ್ವನಿಷ್ಠೆಯ ಲೆಕ್ಕ ಸಿಗುವುದಿಲ್ಲ. ಆ ಲೆಕ್ಕ ಇರುವುದು ಕಾಗದದಲ್ಲಿ. ಕೊಡಗಿನಲ್ಲಿ ಕಾಗದ ಬೇಗ ಸಾಯುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತು.

ಚೆಪ್ಪುಡಿರ ಎಂ. ಪೂಣಚ್ಚನವರ ವಿಷಯ ನೋಡಿ. 1952ರ ಚುನಾವಣೆಯಲ್ಲಿ, ಆಗ ಪ್ರತ್ಯೇಕವಾಗಿದ್ದ ಕೊಡಗು ರಾಜ್ಯದ ವಿಧಾನಸಭೆಗೆ 24 ಸ್ಥಾನ. ಕಾಂಗ್ರೆಸ್ಸಿಗೆ 15 ಬಂದವು, ಪೂಣಚ್ಚ ಮುಖ್ಯಮಂತ್ರಿಯಾದರು. ಅವರೂ ಸೇರಿ ಇಬ್ಬರೇ ಮಂತ್ರಿಗಳು. ಅವರ ಪಕ್ಷ ನಿಂತದ್ದು ಮೈಸೂರು ರಾಜ್ಯದೊಂದಿಗೆ ವಿಲೀನದ ಪರವಾಗಿ, ಅಂದರೆ ತಾವೇ ಕೂತ ಕುರ್ಚಿ ಇಲ್ಲವಾಗುವ ಪರವಾಗಿ. 1956ರ ನವೆಂಬರ್ 1ರಂದು ಆ ರಾಜ್ಯವೂ ಆ ಹುದ್ದೆಯೂ ಒಟ್ಟಿಗೇ ಮುಗಿದವು. ಎದುರು ನಿಂತವರು ಕೊಡಗಿನ ಗಾಂಧಿ ಎಂದು ಹೆಸರಾದ ಪಂದ್ಯಂಡ ಬೆಳ್ಯಪ್ಪನವರು. ಅವರದು ತಕ್ಕಡಿ ಪಕ್ಷ, ವಿಲೀನ ಬೇಡ ಎಂಬ ಪಕ್ಷ. ಆದರೆ ಚುನಾವಣೆಯ ಅಧಿಕೃತ ಅಂಕಿಅಂಶ ತೆರೆದರೆ ತಕ್ಕಡಿ ಪಕ್ಷ ಎಲ್ಲೂ ಕಾಣುವುದಿಲ್ಲ. ಪಕ್ಷೇತರರು 9 ಎಂದಷ್ಟೇ ಇದೆ. ಒಂದು ಇಡೀ ರಾಜಕೀಯ ವಾದ 'ಪಕ್ಷೇತರ' ಎಂಬ ಕಾಲಮ್ಮಿನೊಳಗೆ ಕರಗಿಹೋಗಿದೆ. ಅದನ್ನು ಮತ್ತೆ ಹೊರತೆಗೆಯಬೇಕಾದರೆ ಆಗಿನ ಕರಪತ್ರ, ಸಭೆಯ ನೋಟೀಸು, ಖಾಸಗಿ ಪತ್ರಗಳೇ ಬೇಕು. ಮಡಿಕೇರಿಯ 'ಶಕ್ತಿ' ಪತ್ರಿಕೆ ಶುರುವಾದದ್ದು 1957ರಲ್ಲಿ, ವಿಲೀನ ಆದ ಮೇಲೆ. ಹಾಗಾಗಿ ಆ ನಾಲ್ಕೂವರೆ ವರ್ಷಕ್ಕೆ ಮನೆಗಳಲ್ಲಿ ಉಳಿದ ಕಾಗದದ ಬೆಲೆ ಇನ್ನೂ ಹೆಚ್ಚು.

ಮನೆಯವರು ಸಾಮಾನ್ಯವಾಗಿ ಏನನ್ನು ಉಳಿಸುತ್ತಾರೆ? ಪ್ರಧಾನಿ ಜೊತೆ ನಿಂತ ಫೋಟೋ, ಸನ್ಮಾನಪತ್ರ, ಶಾಲು. ಮೊದಲು ಹೊರಗೆ ಹೋಗುವುದು ಶಿಫಾರಸು ಕೇಳಿ ಬಂದ ಪತ್ರಗಳ ಕಟ್ಟು. ಕೆಲಸ ಕೊಡಿಸಿ, ವರ್ಗ ಮಾಡಿಸಿ, ಸೀಟು ಕೊಡಿಸಿ. ನಿಜಕ್ಕೂ ಆ ಕಟ್ಟೇ ಮುಖ್ಯ. ಅಂಚಿನಲ್ಲಿ ಬರೆದ ಟಿಪ್ಪಣಿ, ಕಳಿಸಿದ ಉತ್ತರದ ಕಾರ್ಬನ್ ಪ್ರತಿ, ಯಾರಿಗೆ ಆಗುತ್ತದೆ ಎಂದರು, ಯಾರಿಗೆ ಆಗುವುದಿಲ್ಲ ಎಂದರು, ಅವರಲ್ಲಿ ಸ್ವಂತ ಒಕ್ಕದವರು, ಅಂದರೆ ಕುಲದ ಮನೆತನದವರು, ಇದ್ದರೇ ಎಂಬುದೆಲ್ಲ ಅಲ್ಲಿದೆ. ರಾಜೀನಾಮೆಯ ಕರಡು ಇದ್ದರೆ ಎಲ್ಲ ಕರಡುಗಳನ್ನೂ ಇಡಿ, ಹೊಡೆದು ಹಾಕಿದ ಸಾಲಿನ ಸಮೇತ. ಕಾಗದ ಇಟ್ಟಿದ್ದ ಕ್ರಮವನ್ನೂ ಕದಲಿಸಬೇಡಿ. ತಾರೀಕಿನ ಪ್ರಕಾರ ಜೋಡಿಸುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಯಾವ ಪತ್ರದ ಹಿಂದೆ ಯಾವುದಿತ್ತು ಎಂಬುದೇ ಎಷ್ಟೋ ಸಲ ಕಾರಣವನ್ನು ಹೇಳುತ್ತದೆ. ಇದ್ದ ಕ್ರಮದಲ್ಲೇ ಪ್ರತಿ ಹಾಳೆಯ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಿಂದ ಸಂಖ್ಯೆ ಹಾಕಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದಿನ ಬದಿಗೂ ಮೂಡುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಸಂಖ್ಯೆ, ತಾರೀಕು, ಯಾರಿಂದ, ಯಾರಿಗೆ, ವಿಷಯ, ಎಷ್ಟು ಪುಟ, ಸ್ಥಿತಿ ಹೇಗಿದೆ ಎಂದು ಬರೆಯುತ್ತಾ ಹೋದರೆ ಅದೇ ಪಟ್ಟಿ.

ಈಗ ಮಳೆಯ ಮಾತು. ಗಾಳಿಯ ತೇವಾಂಶ 65 ಶೇಕಡ ದಾಟಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯ ಶುರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು 90ರ ಮೇಲೆ ಹೋಗುವ ದಿನಗಳೇ ಬಹಳ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಇಡುವುದು ಹಳೆಯ ಪದ್ಧತಿ. ಬಿದಿರಿಗೆ, ಬುಟ್ಟಿಗೆ ಅದು ಸರಿ. ಕಾಗದಕ್ಕಲ್ಲ, ಹೊಗೆಯ ಮಸಿಯಲ್ಲಿರುವ ಆಮ್ಲ ಕಾಗದವನ್ನು ಹಪ್ಪಳದಂತೆ ಮಾಡುತ್ತದೆ. ಕಾಫಿ ಸ್ಟೋರಿನಲ್ಲಿ ಗೋಣಿಚೀಲಕ್ಕೆ ತುಂಬಿಡುವುದು ಅದಕ್ಕಿಂತ ಕೆಟ್ಟದ್ದು. ಗೋಣಿ ತೇವ ಹೀರುತ್ತದೆ, ಸಿಮೆಂಟ್ ನೆಲ ಬೆವರುತ್ತದೆ, ಕೆಳಗಿನಿಂದ ಗೆದ್ದಲು ಬರುತ್ತದೆ. ಬೀರುವಿನೊಳಗೆ ಬಲ್ಬು ಉರಿಸುವುದು ಬಟ್ಟೆಗೆ ಆದೀತು, ಕಾಗದದ ಪಕ್ಕ ಅದು ಬೆಂಕಿಗೆ ಕೊಟ್ಟ ಆಹ್ವಾನ. ನುಸಿಗುಳಿಗೆ ಹುಳವನ್ನು ಸ್ವಲ್ಪ ದೂರ ಇಡಬಹುದು, ಬೂಷ್ಟನ್ನು ತಡೆಯುವುದಿಲ್ಲ.

ಮಾಡಬೇಕಾದದ್ದು ಹೀಗೆ. ಸುಗ್ಗಿಹಬ್ಬ ಪುತ್ತರಿ ಕಳೆದು ಕಾಫಿ ಕಣಕ್ಕೆ ಬರುವ ಒಣ ತಿಂಗಳುಗಳಲ್ಲಿ ಕಟ್ಟುಗಳನ್ನು ಬಿಚ್ಚಿ. ಬಿಸಿಲಿಗಲ್ಲ, ಗಾಳಿ ಆಡುವ ನೆರಳಿಗೆ. ಗುಂಡುಸೂಜಿ, ಸ್ಟೇಪಲ್ ಪಿನ್, ರಬ್ಬರ್ ಬ್ಯಾಂಡ್ ತೆಗೆಯಿರಿ. ನಮ್ಮ ಹವೆಗೆ ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ತೂತು ಕೊರೆಯುತ್ತದೆ, ರಬ್ಬರ್ ಕರಗಿ ಅಂಟುತ್ತದೆ. ಕಟ್ಟಲು ಅಗಲವಾದ ಹತ್ತಿಯ ಪಟ್ಟಿ ಸಾಕು. ಹರಿದ ಹಾಳೆಗೆ ಸೆಲ್ಲೋಟೇಪ್ ಹಾಕಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಶಾಖಕ್ಕೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬರುವುದಿಲ್ಲ. ಪತ್ರಿಕೆಯ ತುಣುಕುಗಳನ್ನು ಪತ್ರಗಳ ನಡುವೆ ಬಿಡಬೇಡಿ. ಅಗ್ಗದ ಆ ಕಾಗದದ ಆಮ್ಲ ಪಕ್ಕದ ಹಾಳೆಗೂ ಕಂದು ಕಲೆ ಮಾಡುತ್ತದೆ. ತುಣುಕನ್ನು ಬೇರೆ ಕವರಿಗೆ ಹಾಕಿ, ಅದಿದ್ದ ಜಾಗದಲ್ಲಿ ಅದರ ಸಂಖ್ಯೆ ಬರೆದ ಚೀಟಿ ಇಡಿ. ಮೇ ತಿಂಗಳೊಳಗೆ ಪೆಟ್ಟಿಗೆ ಮುಚ್ಚಿ. ಬೀರು ಹೊರಗೋಡೆಗೆ ತಾಗಿರಬಾರದು, ಗೋಡೆಯಿಂದ ಒಂದು ಗೇಣು, ನೆಲದಿಂದ ಅರ್ಧ ಅಡಿ ಬಿಡಿ. ಒಳಗೆ ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶದ ಮೀಟರ್ ಇಟ್ಟರೆ ಊಹೆಯ ಮೇಲೆ ನಡೆಯಬೇಕಾಗಿಲ್ಲ. ಸಿಲಿಕಾ ಜೆಲ್ ಹಾಕುವವರು ಅದರ ಬಣ್ಣ ನೋಡುತ್ತಿರಬೇಕು. ತೇವ ಕುಡಿದು ಬಣ್ಣ ಬದಲಾದ ಮೇಲೂ ಬಿಟ್ಟರೆ ಅದು ಬರಿಯ ಕಲ್ಲು.

ಒದ್ದೆಯಾಗಿಹೋಗಿದ್ದರೆ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆ ಜೊತೆ ಕಾಗದಪತ್ರವೂ ಹೋಯಿತು. ಮಣ್ಣಿನಿಂದ ಎತ್ತಿದ ಕಾಗದಕ್ಕೆ ಇರುವ ಸಮಯ ಸುಮಾರು 48 ಗಂಟೆ, ಅಷ್ಟರಲ್ಲಿ ಬೂಷ್ಟು ಏಳುತ್ತದೆ. ಸ್ವಲ್ಪ ಇದ್ದರೆ ಫ್ಯಾನಿನ ಕೆಳಗೆ, ಅಚ್ಚು ಇಲ್ಲದ ಬಿಳಿ ಕಾಗದದ ಮೇಲೆ ಹರಡಿ, ಕೆಳಗಿನ ಕಾಗದ ಆಗಾಗ ಬದಲಿಸಿ. ಫೌಂಟನ್ ಪೆನ್ನಿನ ನೀಲಿ ಶಾಯಿಯ ಮೇಲೆ ಯಾವುದನ್ನೂ ಒತ್ತಬೇಡಿ, ಬರಹ ಒತ್ತಿದ ಕಾಗದಕ್ಕೆ ಹೋಗುತ್ತದೆ. ಬಹಳ ಇದ್ದರೆ ಸಣ್ಣ ಕಟ್ಟು ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ, ಬಿಡುವಾದಾಗ ಒಂದೊಂದೇ ಕಟ್ಟು ತೆಗೆದು ಒಣಗಿಸಬಹುದು. ಒದ್ದೆ ಬೂಷ್ಟನ್ನು ಒರೆಸಬಾರದು, ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೃದು ಬ್ರಷ್ಷಿನಿಂದ ತೆಗೆಯಿರಿ. ಭಾಷಣದ ಕ್ಯಾಸೆಟ್ಟುಗಳಿಗೂ ಇದೇ ಎಚ್ಚರ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಹಾಕಿ ನೋಡಬೇಡಿ, ಅದು ಪ್ಲೇಯರಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ.

ಸ್ಕ್ಯಾನ್ ಮಾಡುವವರಿಗೆ: ಪತ್ರಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ), ಫೋಟೋಗೆ 600. 300 ಡಿಪಿಐಯಲ್ಲಿ ಎ4 ಹಾಳೆಯ ಬಣ್ಣದ, ಕುಗ್ಗಿಸದ ಟಿಫ್ ಚಿತ್ರದ ಫೈಲು 26 ಎಂಬಿ ಸುಮಾರು ಆಗುತ್ತದೆ, ಸಾವಿರ ಹಾಳೆಗೆ 26 ಜಿಬಿ. ಮೂರು ಪ್ರತಿ ಇರಲಿ, ಒಂದು ಜಿಲ್ಲೆಯ ಹೊರಗೆ. ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಪ್ರತಿ ಎಂದು ಲೆಕ್ಕ ಹಿಡಿಯಬೇಡಿ, ಅಲ್ಲಿ ಚಿತ್ರ ಕುಗ್ಗಿರುತ್ತದೆ.

ಮನೆಯ ಕಾಗದ ಒಂದು ಕಡೆಯ ಮಾತು ಮಾತ್ರ. ಅದನ್ನು ಸದನದ ಕಡತದೊಂದಿಗೆ ತಾಳೆ ನೋಡಬೇಕು. ಪೂಣಚ್ಚ 1967ರಿಂದ 1969ರವರೆಗೆ ಕೇಂದ್ರದಲ್ಲಿ ರೈಲ್ವೆ ಸಚಿವರಾಗಿದ್ದರು. ಕೊಡಗಿಗೆ ಇಂದಿಗೂ ರೈಲಿಲ್ಲ. ಸ್ವಂತ ಊರಿಗೆ ಏನೂ ಮಾಡಲಿಲ್ಲ ಎಂದು ಕೆಲವರು, ಸ್ವಂತ ಊರಿಗಾಗಿ ಖಾತೆ ಬಳಸಲಿಲ್ಲ ಎಂದು ಕೆಲವರು ಹೇಳಬಹುದು. ಎರಡನ್ನೂ ಹೇಳುವ ಮೊದಲು 1967 ಮತ್ತು 1968ರ ರೈಲ್ವೆ ಬಜೆಟ್ ಚರ್ಚೆ ಓದಬೇಕು. ಲೋಕಸಭೆಯ ಹಳೆಯ ನಡವಳಿಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುತ್ತವೆ. ಸುಬ್ಬಯ್ಯನವರ ಮಾತುಗಳಿಗೆ ನಮ್ಮ ವಿಧಾನ ಪರಿಷತ್ತಿನ ನಡವಳಿ ನೋಡಬೇಕು. ಪಕ್ಷ ಬಿಟ್ಟವರನ್ನು ಅಳೆಯುವಾಗ ವರ್ಷ ಗಮನಿಸಿ: ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ. ಅದಕ್ಕೂ ಹಿಂದಿನ ನಡೆಯನ್ನು ಇಂದಿನ ಕಾನೂನಿನ ಕಣ್ಣಲ್ಲಿ ನೋಡಿದರೆ ತೀರ್ಪು ತಪ್ಪುತ್ತದೆ.

ಇಲಾಖೆಯ ಕಡತ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತ, ಸಾಮಾನ್ಯವಾಗಿ 150 ಪದ ಮೀರಬಾರದು. ಇವರ ಬಗ್ಗೆ ಇರುವ ಎಲ್ಲ ದಾಖಲೆ ಕೊಡಿ ಎಂದು ಬರೆದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಇಲಾಖೆ, ವರ್ಷ, ಆದೇಶದ ವಿಷಯ ಇಷ್ಟು ಹಿಡಿದು ಕೇಳಿ.

ಶಿಫಾರಸು ಪತ್ರಗಳ ಬಗ್ಗೆ ಒಂದು ಎಚ್ಚರ ಬಾಕಿ ಇದೆ. ಅವುಗಳಲ್ಲಿ ಬಡತನ, ಕಾಯಿಲೆ, ಮನೆಜಗಳ ಎಲ್ಲ ಬರೆದಿರುತ್ತಾರೆ, ಬರೆದವರು ನಮ್ಮ ನೆರೆಯವರೇ ಇರಬಹುದು. ಅವನ್ನು ಬೇರೆ ಪೆಟ್ಟಿಗೆಗೆ ಹಾಕಿ, ಯಾವ ವರ್ಷದವರೆಗೆ ತೆರೆಯಬಾರದು ಎಂದು ಮುಚ್ಚಳದ ಮೇಲೇ ಬರೆಯಿರಿ. ಪತ್ರದ ಹಾಳೆ ನಿಮ್ಮದಾದರೂ ಪ್ರಕಟಿಸುವ ಹಕ್ಕು ಬರೆದವರದು, ಅವರು ತೀರಿಕೊಂಡ ಮೇಲೆ ವಾರಸುದಾರರದು. ಪೂಣಚ್ಚ 1990ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾಗದ ಪತ್ರಗಳ ಹಕ್ಕು, ಅವು ಮೊದಲು ಪ್ರಕಟವಾದ ವರ್ಷದ ನಂತರವೂ 60 ವರ್ಷ ಉಳಿಯುತ್ತದೆ. ರಾಜ್ಯ ಪತ್ರಾಗಾರಕ್ಕೋ ಗ್ರಂಥಾಲಯಕ್ಕೋ ಪೆಟ್ಟಿಗೆ ಒಪ್ಪಿಸುವಾಗ ಈ ಎರಡೂ ಷರತ್ತು ಬರಹದಲ್ಲಿರಲಿ, ನೋಟ್‌ಬುಕ್ಕಿನ ಪಟ್ಟಿಯ ಪ್ರತಿ ಪುಟಕ್ಕೂ ತೆಗೆದುಕೊಂಡವರ ಸಹಿ ಹಾಕಿಸಿ. ಮತ್ತೆ, ಸಾಗಿಸುವುದಿದ್ದರೆ ಜನವರಿಯಿಂದ ಮಾರ್ಚ್ ಒಳಗೆ ಸಾಗಿಸಿ. ಜುಲೈಯಲ್ಲಿ ಟಾರ್ಪಾಲು ಹೊದಿಸಿದ ಪಿಕಪ್ಪಿನಲ್ಲಿ ಘಟ್ಟ ಇಳಿಸುವುದು ಬೇಡ.

ನಮಸ್ಕಾರ.